ಅಪರಿಚಿತ ಮೂಲಿಕೆ: ಗುರುತು ಮೊದಲು, ಸೇವನೆ ಆಮೇಲೆ

ಹೊಲದ ಬದುವಿನಲ್ಲಿಯೋ ಬೇಲಿಯ ಮೇಲೆಯೋ ಕಂಡ ಗಿಡದ ಎಲೆಯೊಂದನ್ನು ತಂದು, ‘ಇದು ಯಾವ ಔಷಧಿ, ಯಾವ ರೋಗಕ್ಕೆ ಆಗುತ್ತದೆ?’ ಎಂದು ಕೇಳುವ ಭಕ್ತರು ಅನೇಕರು. ಈ ಆಸಕ್ತಿ ಸ್ವಾಗತಾರ್ಹವಾದುದು. ಆದರೆ ಒಂದು ಎಲೆಯನ್ನು ಮಾತ್ರ ನೋಡಿ ಗಿಡವನ್ನು ನಿರ್ಣಯಿಸುವುದು ಬಹುಮಟ್ಟಿಗೆ ಅಸಾಧ್ಯ. ಕುರಿ, ಮೇಕೆ, ದನ ಕಾಯುವವರೂ ವನವಾಸಿಗಳೂ ಮೂಲಿಕೆಗಳ ಹೆಸರನ್ನೂ ರೂಪವನ್ನೂ ಬಲ್ಲರೆಂದು ಚರಕ ಸಂಹಿತೆ ಹೇಳುತ್ತದೆ. ಅಷ್ಟರಿಂದಲೇ ಔಷಧಜ್ಞಾನ ಪೂರ್ಣವಾಗದು, ಪ್ರಯೋಗವನ್ನೂ ಅರಿತಿರಬೇಕೆಂದು ಎಚ್ಚರಿಸುತ್ತದೆ. ರೂಪವೇ ಖಚಿತವಾಗದಿದ್ದಲ್ಲಿ ಪ್ರಯೋಗದ ಮಾತೆಲ್ಲಿ?

ಅಮೃತಬಳ್ಳಿಯ ನಿದರ್ಶನ

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. ಅದನ್ನು ಸೇವಿಸಿದ್ದ 6 ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅಮೃತಬಳ್ಳಿಯನ್ನೇ ಹೋಲುವ, ಅದೇ ಕುಲದ ಇನ್ನೊಂದು ಬಳ್ಳಿಯಿಂದ ಅಪಾಯವಾಗಬಹುದೆಂದು 2022ರಲ್ಲಿ ಆಯುಷ್ ಸಚಿವಾಲಯ ತಿಳಿಸಿತು. ಸಸ್ಯಶಾಸ್ತ್ರದಲ್ಲಿ ನಮ್ಮ ಅಮೃತಬಳ್ಳಿಯ ಹೆಸರು ಟೈನೋಸ್ಪೋರಾ ಕಾರ್ಡಿಫೋಲಿಯಾ. ಹೋಲುವ ಬಳ್ಳಿಯದು ಟೈನೋಸ್ಪೋರಾ ಕ್ರಿಸ್ಪಾ. ಎರಡರ ಎಲೆಗಳೂ ಹೃದಯಾಕಾರದವು. ಎರಡರ ರುಚಿಯೂ ಕಹಿ.

ವ್ಯತ್ಯಾಸವನ್ನು ಕಾಂಡ, ಹೂವು, ಹಣ್ಣುಗಳಲ್ಲಿ ಹುಡುಕಬೇಕು. ಅಮೃತಬಳ್ಳಿಯ ಕಾಂಡದ ತೆಳುವಾದ ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು ಕಾಣುತ್ತದೆ. ಕತ್ತರಿಸಿದರೆ ಹಾಲು ಒಸರುವುದಿಲ್ಲ. ಹೂವಿಗೆ 6 ದಳ. ಹಣ್ಣು ದುಂಡಗೆ, ಕೆಂಪಗೆ ಇರುತ್ತದೆ. ಇನ್ನೊಂದರ ಕಾಂಡ ಬೂದುಬಣ್ಣದ್ದು, ಮೈತುಂಬ ಗುಳ್ಳೆಯಂಥ ಉಬ್ಬುಗಳು. ಕತ್ತರಿಸಿದಲ್ಲಿ ಹಾಲಿನಂಥ ದ್ರವ. ಹೂವಿಗೆ 3 ದಳ. ಹಣ್ಣು ನೀಳ ದುಂಡಗೆ, ಕಿತ್ತಳೆ ಬಣ್ಣದ್ದು.

ನಮ್ಮ ನಿಘಂಟುಕಾರರು ಅಮೃತಬಳ್ಳಿಗೆ ಕೊಟ್ಟ ಹೆಸರುಗಳಲ್ಲಿಯೂ ಗುರುತುಗಳಿವೆ. ಅಡ್ಡಲಾಗಿ ಕೊಯ್ದ ಕಾಂಡದಲ್ಲಿ ಚಕ್ರದ ಅರೆಕಾಲುಗಳಂಥ ಗೆರೆಗಳು ಕಾಣುವುದರಿಂದ ಅದು ‘ಚಕ್ರಲಕ್ಷಣಿಕಾ’. ತುಂಡರಿಸಿದರೂ ಮತ್ತೆ ಚಿಗುರುವುದರಿಂದ ‘ಛಿನ್ನರುಹಾ’. ಆದರೆ ಯಾವುದೇ ಒಂದು ಲಕ್ಷಣವನ್ನು ನೆಚ್ಚಬಾರದು, ಎಲ್ಲವೂ ಕೂಡಿಬರಬೇಕು.

ಇಲ್ಲಿ ಇನ್ನೊಂದು ಮಾತನ್ನು ಮರೆಮಾಚಬಾರದು. ವರದಿಯಾದ ಎಲ್ಲ ತೊಂದರೆಗಳಿಗೂ ತಪ್ಪು ಬಳ್ಳಿಯೇ ಕಾರಣವೆನ್ನಲಾಗದು. ದೇಹದ ರೋಗನಿರೋಧ ಶಕ್ತಿಯೇ ತನ್ನ ಅಂಗಗಳ ಮೇಲೆ ತಿರುಗಿಬೀಳುವ ಸ್ವಭಾವದ ಕಾಯಿಲೆಯುಳ್ಳವರಿಗೆ ನಿಜವಾದ ಅಮೃತಬಳ್ಳಿಯೂ ಹಿತವಾಗದಿರಬಹುದು. ಯಕೃತ್ತಿನ ರೋಗಿಗಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಬಾರದು.

ಹೆಸರಿನ ಗೊಂದಲ

‘ಬ್ರಾಹ್ಮಿ’ ಎಂಬ ಹೆಸರಿನಿಂದ ಎರಡು ಬೇರೆ ಬೇರೆ ಗಿಡಗಳನ್ನು ಕರೆಯುವುದುಂಟು. ಒಂದು ನಾವು ತಂಬುಳಿ ಮಾಡುವ ಒಂದೆಲಗ. ಉದ್ದ ತೊಟ್ಟಿನ ತುದಿಯಲ್ಲಿ ಮೂತ್ರಪಿಂಡದಾಕಾರದ ಎಲೆ. ಇನ್ನೊಂದು ನೀರಿನ ಅಂಚಿನಲ್ಲಿ ಹಬ್ಬುವ ನೀರುಬ್ರಾಹ್ಮಿ. ತೊಟ್ಟಿಲ್ಲದ, ಚಿಕ್ಕದಾದ, ದಪ್ಪನೆಯ ಎಲೆ. ನೆಲನೆಲ್ಲಿಯೆಂದು ತರುವ ಗಿಡದ ಕಡ್ಡಿಯನ್ನು ಮುರಿದಾಗ ಹಾಲು ಬಂದರೆ ಅದು ನೆಲನೆಲ್ಲಿಯಲ್ಲ. ಕಾಮಾಲೆಗೆಂದು ಸಿಕ್ಕ ಸಿಕ್ಕ ಪುಟ್ಟ ಎಲೆಯ ಗಿಡಗಳನ್ನು ಅರೆದು ಕುಡಿಯುವವರು ಇದನ್ನು ಗಮನಿಸಬೇಕು. ಮೊದಲೇ ಬಳಲಿದ ಯಕೃತ್ತು ಇನ್ನೊಂದು ವಿಷವನ್ನು ತಾಳಲಾರದು.

ಗಿಡವನ್ನು ತೋರಿಸುವ ಕ್ರಮ

ಚಿಕ್ಕ ಗಿಡವಾದರೆ ಬೇರುಸಹಿತ, ಬಳ್ಳಿ ಅಥವಾ ಮರವಾದರೆ ಎಲೆ, ಹೂವು, ಕಾಯಿಗಳಿರುವ ರೆಂಬೆಯನ್ನು ತರಬೇಕು. ಅದನ್ನು ಹಳೆಯ ವೃತ್ತಪತ್ರಿಕೆಯ ಮಡಿಕೆಯಲ್ಲಿಟ್ಟರೆ ಆಕಾರ ಕೆಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಗೆ ಕೊಳೆಯುತ್ತದೆ. ಗಿಡ ಬೆಳೆದ ಸ್ಥಳ, ಕಿತ್ತ ದಿನ, ಎತ್ತರ, ಹೂವಿನ ಬಣ್ಣ, ವಾಸನೆ, ಹಾಲು ಬರುವುದೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ಹೂವು ಬಿಡುವ ಕಾಲವಲ್ಲದಿದ್ದರೆ ಕಾಯುವುದೇ ಲೇಸು. ಮೊಬೈಲ್ ಚಿತ್ರ ಸಹಾಯಕವೇ ಹೊರತು ಪ್ರಮಾಣವಲ್ಲ. ಪರೀಕ್ಷೆಗೆಂದು ಬಾಯಿಗೆ ಹಾಕಿ ರುಚಿ ನೋಡುವುದಂತೂ ಸಲ್ಲದು, ಕಹಿಯಾದುದೆಲ್ಲ ಔಷಧಿಯಲ್ಲ.

ಹತ್ತಿರದ ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗದಲ್ಲಿಯೋ, ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿಯೋ ತಜ್ಞರು ಗಿಡವನ್ನು ಪರಿಶೀಲಿಸಿ ಹೇಳಬಲ್ಲರು. ಊರಿನ ಹಿರಿಯ ನಾಟಿವೈದ್ಯರ ಅನುಭವವೂ ಅಮೂಲ್ಯ. ಅವರು ಹೇಳಿದ ಹೆಸರನ್ನು ತಜ್ಞರಿಗೂ ತಿಳಿಸಬೇಕು. ಜಾತ್ರೆಗಳಲ್ಲಿ ಮಾರುವ ಬೇರು, ಚಕ್ಕೆ, ಪುಡಿಗಳಲ್ಲಿ ಎಲೆಯೂ ಹೂವೂ ಇರುವುದಿಲ್ಲವಾದ್ದರಿಂದ ಅವುಗಳ ವಿಷಯದಲ್ಲಿ ಇಮ್ಮಡಿ ಎಚ್ಚರ ಅಗತ್ಯ.

ಯಾವುದಾದರೂ ಮೂಲಿಕೆಯನ್ನು ಸೇವಿಸಿದ ಮೇಲೆ ವಾಂತಿ, ಹೊಟ್ಟೆನೋವು, ತಲೆಸುತ್ತು, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಕಂಡುಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಆ ಗಿಡದ ತುಂಡೊಂದನ್ನು ತಪ್ಪದೆ ಜೊತೆಗೊಯ್ಯಬೇಕು. ಏನು ಸೇವಿಸಿದೆವೆಂಬುದನ್ನು ಸಂಕೋಚದಿಂದ ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ. ಆ ಒಂದು ತುಂಡು ಪ್ರಾಣವನ್ನೇ ಉಳಿಸಬಹುದು.