ಏಟು ತಿಂದ ಬಾಲ್ಯ

ಚಿಕ್ಕಂದಿನಲ್ಲಿ ವಿಪರೀತ ಏಟು ತಿಂದವರು, ಬೇಡವೆಂದುಕೊಂಡರೂ ತಮ್ಮ ಮಕ್ಕಳ ಮೇಲೆ ಕೈ ಎತ್ತುವುದೇಕೆ?

ಭಯದಲ್ಲೇ ಬೆಳೆದ ಮಗುವಿನ ಮಿದುಳು ಸದಾ ಅಪಾಯವನ್ನೇ ಕಾಯುತ್ತಿರುತ್ತದೆ. ಬಾಗಿಲು ಬಡಿದ ಸದ್ದು, ಏರಿದ ದನಿ, ಅಷ್ಟಕ್ಕೇ ಎದೆ ಹೊಡೆದುಕೊಳ್ಳುತ್ತದೆ. ದೊಡ್ಡವರಾದ ಮೇಲೂ ಈ ದಿಗಿಲು ಉಳಿಯಬಹುದು. ಆಗ ತನ್ನದೇ ಕೂಸು ಹಾಲು ಚೆಲ್ಲಿ ರಚ್ಚೆ ಹಿಡಿದರೂ ಮೈ ಅದನ್ನು ಅಪಾಯವೆಂದೇ ಎಣಿಸುತ್ತದೆ. ಗಾಡಿಯ ಚಕ್ರ ಹಳೇ ಜಾಡಿಗೆ ಇಳಿದಂತೆ, ಯೋಚಿಸುವ ಮೊದಲೇ ಕೈ ಏಳುತ್ತದೆ. ಕಂಡು ಕಲಿತದ್ದು ಅದೊಂದೇ.

ಆದರೆ ಇದು ಹಣೆಬರಹ ಖಂಡಿತ ಅಲ್ಲ. ಹಿಂಸೆ ಉಂಡವರಲ್ಲಿ ಹೆಚ್ಚಿನವರು ಅದನ್ನು ಮಕ್ಕಳಿಗೆ ದಾಟಿಸುವುದಿಲ್ಲ. ಅಮೆರಿಕದ ಮಕ್ಕಳ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ 1975ರಲ್ಲೇ ಇದರ ಸುಳಿವು ಕೊಟ್ಟರು: ಬಿದ್ದ ಏಟಷ್ಟೇ ಅಲ್ಲ, ಅಂದಿನ ಹೆದರಿಕೆ, ಸಂಕಟವೂ ನೆನಪಿದ್ದವರು ಕೈ ತಡೆಯಬಲ್ಲರು. ನಂಬಿದವರೆದುರು ಅದನ್ನು ಹೇಳಿಕೊಂಡು ಅತ್ತ ತಾಯಂದಿರಿಗೆ ತಮ್ಮ ಕೂಸಿನ ಅಳು ಕೇಳಿಸತೊಡಗಿದ್ದನ್ನು ಅವರು ಕಂಡಿದ್ದರು.