ಪುಡಿಯಿಂದ ಎಂಜಿನ್: ಬೇಗ ಆಗಬೇಕು, ಗಟ್ಟಿಯೂ ಆಗಬೇಕು



ಮೊನ್ನೆ ಕಾರ್ಯಕ್ರಮ ಮುಗಿದ ಮೇಲೆ ಭೋಸರಿಯಿಂದ ಬೆಳಗಾವಿ ಕಡೆಯ ಕೇಳುಗರೊಬ್ಬರು ಫೋನ್ ಮಾಡಿದ್ದರು. ಹದಿನೆಂಟು ವರ್ಷದಿಂದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ. "ಈಗ ಲೋಹಾನೂ ಪ್ರಿಂಟ್ ಮಾಡ್ತಾರಂತಲ್ರೀ ಮೇಡಂ. ಹಂಗಾದ್ರ ವರ್ನಿಯರ್ ಹಿಡಿದು ನಿಂತ ನಮ್ಮಂಥವರ ಗತಿ ಏನ್ರೀ?" ಎಂದರು. ನಾನು ಓದಿದ್ದು ಕನ್ನಡ ಬಿ.ಎ. ಆದರೂ ಪ್ರಶ್ನೆ ಬಿಡಲಿಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಲೋಹದ ಪ್ರಿಂಟಿಂಗ್ ಎಂದರೆ ಮೊದಲು ರಂಗೋಲಿಯಂಥ ನುಣ್ಣನೆಯ ಲೋಹದ ಪುಡಿಯನ್ನು ತೆಳುವಾಗಿ ಹಾಸುವುದು. ಬೇಕಾದ ಜಾಗದಲ್ಲಿ ಮಾತ್ರ ಲೇಸರ್ ಅದನ್ನು ಕರಗಿಸಿ ಗಟ್ಟಿ ಮಾಡುತ್ತದೆ. ಅದರ ಮೇಲೆ ಇನ್ನೊಂದು ಪದರ. ಒಂದು ಪದರ ಸಾಮಾನ್ಯವಾಗಿ 30ರಿಂದ 60 ಮೈಕ್ರಾನ್. 40 ಮೈಕ್ರಾನ್ ಎಂದುಕೊಂಡರೆ ಹತ್ತು ಸೆಂಟಿಮೀಟರ್ ಎತ್ತರದ ಭಾಗಕ್ಕೆ 2,500 ಪದರ ಬೇಕು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೆಲಸ.

ಬೇಗ ಮುಗಿಸೋಣವೆಂದು ಪದರ ದಪ್ಪ ಮಾಡಿದರೆ, ಲೇಸರನ್ನು ಜೋರಾಗಿ ಓಡಿಸಿದರೆ? ಅವಸರದ ದೋಸೆಯಂತೆ ಒಳಗೆ ಹಸಿ ಉಳಿಯುತ್ತದೆ. ಪುಡಿ ಪೂರ್ತಿ ಕರಗದೆ ಸಂದು ಬೀಳುತ್ತದೆ. ಶಾಖ ಅತಿಯಾದರೂ ಕಷ್ಟವೇ: ಲೋಹ ಕುದಿದು ಒಳಗೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಎರಡೂ ಕಾಣುವುದಿಲ್ಲ. ಅಳತೆ ಸರಿಯಾಗಿಯೇ ಇರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ಆ ದೊಣ್ಣೆ ಮಡಕೆಯ ಒಳಗೇ ಕೂತಿರುತ್ತದೆ!

ಒಂದು ನಿಜವಾದ ಉದಾಹರಣೆ ನೋಡೋಣ. ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಎಂಜಿನ್ನನ್ನು ಮೊದಲು ಭಾಗ ಭಾಗವಾಗಿ ತಯಾರಿಸಿ ಬೆಸುಗೆ ಹಾಕುತ್ತಿದ್ದರು. ಇಸ್ರೋ ಅದನ್ನೇ ಪ್ರಿಂಟಿಂಗ್‌ಗೆ ಒಗ್ಗುವಂತೆ ಮತ್ತೆ ವಿನ್ಯಾಸ ಮಾಡಿತು. ಬೆಂಗಳೂರಿನ ವಿಪ್ರೋ 3ಡಿ ತಯಾರಿಸಿಕೊಟ್ಟಿತು. 14 ಭಾಗಗಳು ಒಂದೇ ತುಂಡಾದವು, 19 ಬೆಸುಗೆಗಳು ಇಲ್ಲವಾದವು. 565 ಕಿಲೋ ಕಚ್ಚಾಲೋಹ ಬೇಕಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ತಯಾರಿಕೆಯ ಒಟ್ಟು ಸಮಯ ಶೇ. 60ರಷ್ಟು ಇಳಿಯಿತು. ಇದು ಬರೀ ಲೇಸರ್ ಓಟದ ಲಾಭವಲ್ಲ. ಒಂದೊಂದು ಬೆಸುಗೆಗೂ ತಗಲುತ್ತಿದ್ದ ಜೋಡಣೆ, ತಪಾಸಣೆ ತಪ್ಪಿದ್ದೂ ಇದರಲ್ಲಿ ಸೇರಿದೆ.

ಆದರೆ ಒಂದೇ ತುಂಡು ಎಂದರೆ, ಒಂದು ಕಡೆ ದೋಷವಾದರೂ ಇಡೀ ಎಂಜಿನ್ ದಂಡ. ಹಾಗಾಗಿ ಪರೀಕ್ಷೆಯಲ್ಲಿ ಇಸ್ರೋ ಅವಸರ ಮಾಡಲಿಲ್ಲ. ಮೊದಲು ಇಂಧನ ಚಿಮ್ಮಿಸುವ ಭಾಗವನ್ನಷ್ಟೇ ಉರಿಸಿ ನೋಡಿದರು. ಆಮೇಲೆ ಇಡೀ ಎಂಜಿನ್ನನ್ನು ನಾಲ್ಕು ಸಲ, ಎಲ್ಲ ಸೇರಿ 74 ಸೆಕೆಂಡು ಉರಿಸಿದರು. ಕೊನೆಗೆ 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಸತತ 665 ಸೆಕೆಂಡು. ಎಂಜಿನ್ ಪಾಸಾಯಿತು.

ನಮ್ಮ ಚಾಕಣದಲ್ಲೂ ಕಾರ್ಖಾನೆ ಇರುವ ಜಿಇ ಕಂಪನಿ, ಲೀಪ್ ವಿಮಾನ ಎಂಜಿನ್ನಿನ ಇಂಧನ ನಳಿಕೆಯ ತುದಿಯನ್ನು ಅಮೆರಿಕದ ಅಲಬಾಮಾದಲ್ಲಿ ಹೀಗೆಯೇ ಪ್ರಿಂಟ್ ಮಾಡುತ್ತದೆ. ಸುಮಾರು 20 ಭಾಗಗಳ ಜಾಗದಲ್ಲಿ ಒಂದೇ ತುಂಡು. 2021ರಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಲಕ್ಷ ತುಂಡುಗಳೂ ಒಂದೇ ಗುಣಮಟ್ಟದಲ್ಲಿರಬೇಕು ಎಂದರೆ ತಪಾಸಣೆಯ ಭಾರ ಎಷ್ಟೆಂದು ಊಹಿಸಿ.

ಈಗ ಭೋಸರಿಯ ಅಣ್ಣನವರ ಪ್ರಶ್ನೆಗೆ ಬರುತ್ತೇನೆ. ತಪಾಸಣೆಯ ಕೆಲಸ ಹೋಗುವುದಿಲ್ಲ, ಆದರೆ ಬರೀ ವರ್ನಿಯರ್ ಸಾಲದು. ಪುಡಿಯಲ್ಲಿ ತೇವವಿದೆಯೇ, ಯಂತ್ರದೊಳಗೆ ಆಮ್ಲಜನಕ ಹೆಚ್ಚಿದೆಯೇ, ಕ್ಯಾಮೆರಾದಲ್ಲಿ ಪ್ರತಿ ಪದರ ಸರಿ ಕಾಣುತ್ತಿದೆಯೇ ಎಂದು ನೋಡುತ್ತಲೇ ಇರಬೇಕು. ಜೊತೆಗೇ ಪ್ರಿಂಟ್ ಮಾಡಿದ ಮಾದರಿ ತುಂಡನ್ನು ಎಳೆದು ಮುರಿದು ಅದರ ಬಲ ನೋಡಬೇಕು. ಆಸ್ಪತ್ರೆಯಲ್ಲಿ ನಮಗೆ ಮಾಡುವಂತೆ ಭಾಗಕ್ಕೂ ಸಿ.ಟಿ. ಸ್ಕ್ಯಾನ್ ಮಾಡಿ ಒಳಗಿನ ಗುಳ್ಳೆ ಹುಡುಕಬೇಕು. ಯಂತ್ರ ಚಿತ್ರ ಕೊಡುತ್ತದೆ; ಈ ಗುಳ್ಳೆ ನಡೆಯುತ್ತದೆ, ಈ ಗುಳ್ಳೆ ನಡೆಯುವುದಿಲ್ಲ ಎಂದು ಹೇಳಿ ಸಹಿ ಹಾಕಲು ಅನುಭವಸ್ಥರೇ ಬೇಕು.

ಅಣ್ಣಾ, ನಿಮ್ಮ ಹದಿನೆಂಟು ವರ್ಷ ವ್ಯರ್ಥವಲ್ಲ. ಅದರ ಮೇಲೆ ಇನ್ನೊಂದು ಪದರ ಕಲಿಕೆ ಸೇರಲಿ. ಮತ್ತೆ ಫೋನ್ ಮಾಡಿ, ಕಾಯುತ್ತಿರುತ್ತೇನೆ.