ವಿದ್ಯುತ್ ಕಾರು: ಅನುಕೂಲವೆಷ್ಟು, ತೊಡಕೆಷ್ಟು?



ಹಸಿರು ನಂಬರ್ ಪ್ಲೇಟಿನ ಕಾರುಗಳನ್ನು ನೀವು ರಸ್ತೆಯಲ್ಲಿ ನೋಡಿರುತ್ತೀರಿ. ಹಸಿರಿನ ಮೇಲೆ ಬಿಳಿ ಅಕ್ಷರಗಳಿದ್ದರೆ ಅದು ಸ್ವಂತ ಬಳಕೆಯ ವಿದ್ಯುತ್ ಕಾರು. ಹಳದಿ ಅಕ್ಷರಗಳಿದ್ದರೆ ಬಾಡಿಗೆಗೆ ಓಡುವಂಥದು. ಇದಕ್ಕೆ ಪೆಟ್ರೋಲು ಬೇಡ, ಡೀಸೆಲ್ ಬೇಡ, ಹೊಗೆಕೊಳವೆಯೂ ಇಲ್ಲ. ಹಾಗಾದರೆ ಎಲ್ಲರೂ ಇದನ್ನೇ ಏಕೆ ಕೊಳ್ಳುತ್ತಿಲ್ಲ?

ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದರೆ ಅದು ಸಣ್ಣ ಮಾತಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣ ಅಥವಾ ಬ್ಯಾಂಕಿನ ಸಾಲ ಅದಕ್ಕೆ ಹೋಗುತ್ತದೆ. ಜಾಹೀರಾತು ನೋಡಿ ಹೌದೆನ್ನುವುದೂ ಸರಿಯಲ್ಲ, ಯಾರೋ ಹೆದರಿಸಿದರೆಂದು ಬೇಡವೆನ್ನುವುದೂ ಸರಿಯಲ್ಲ. ಶಾಲೆಯಲ್ಲಿ ಕಲಿತ ಗಣಿತ, ಭೌತವಿಜ್ಞಾನಗಳಿಂದಲೇ ಇದರ ಲೆಕ್ಕವನ್ನು ನೀವು ಹಾಕಬಹುದು. ಹೇಗೆಂದು ನೋಡೋಣ.

ಹಳೆಯ ಕಾರು, ಹೊಸ ಬ್ಯಾಟರಿ

ವಿದ್ಯುತ್ ಕಾರು ಇತ್ತೀಚಿನ ಆವಿಷ್ಕಾರವೇನಲ್ಲ. 1899ರಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ಕಾರು ವಿದ್ಯುತ್ತಿನದೇ. ಅದನ್ನು ನಡೆಸಿದಾತ ಬೆಲ್ಜಿಯಂ ದೇಶದ ಕಮೀಯ್ ಜೆನಾಟ್ಜಿ. ಆ ಕಾಲದಲ್ಲಿ ಪೆಟ್ರೋಲ್ ಕಾರನ್ನು ಚಾಲೂ ಮಾಡಲು ಎದುರಿಗೆ ನಿಂತು ಕೈಯಿಂದ ಹ್ಯಾಂಡಲ್ ತಿರುಗಿಸಬೇಕಾಗಿತ್ತು. 1912ರಲ್ಲಿ ವಿದ್ಯುತ್ ಸ್ಟಾರ್ಟರ್ ಬಂದು ಆ ಕಷ್ಟ ತಪ್ಪಿತು. ಪೆಟ್ರೋಲೂ ಸುಲಭವಾಗಿ ದೊರೆಯತೊಡಗಿತು. ವಿದ್ಯುತ್ ಕಾರು ಕ್ರಮೇಣ ಮೂಲೆಗೆ ಸರಿಯಿತು.

ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ 'ರೇವಾ' ಎಂಬ ಪುಟ್ಟ ಕಾರನ್ನು ನಿಮ್ಮ ತಂದೆ ತಾಯಿ ನೋಡಿರಬಹುದು. ಎರಡೇ ಬಾಗಿಲು, ಹಿಂದಿನ ಸೀಟು ಮಕ್ಕಳಿಗಷ್ಟೇ ಸಾಕು. ಒಮ್ಮೆ ಪೂರ್ತಿ ಚಾರ್ಜು ಮಾಡಲು ಸುಮಾರು 8 ಗಂಟೆ, ಆಮೇಲೆ ಸುಮಾರು 80 ಕಿ.ಮೀ. ಓಟ. ಅದು ಲಂಡನ್ನಿನ ರಸ್ತೆಗಳಲ್ಲೂ 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಆ ಕಂಪನಿ ಮಹೀಂದ್ರ ಸಂಸ್ಥೆಯ ವಶಕ್ಕೆ ಬಂತು.

ರೇವಾ ಕಾರಿನ ಇತಿಮಿತಿಗೆ ಮುಖ್ಯ ಕಾರಣ ಅದರ ಸೀಸ-ಆಮ್ಲ ಬ್ಯಾಟರಿ. ಮನೆಯ ಯು.ಪಿ.ಎಸ್.ನಲ್ಲಿರುವ ಬ್ಯಾಟರಿಯ ಜಾತಿಯದೇ ಅದು. ತೂಕ ಹೆಚ್ಚು, ಹಿಡಿಸುವ ಶಕ್ತಿ ಕಡಿಮೆ, ಕೆಲವೇ ವರ್ಷಗಳಲ್ಲಿ ಬದಲಾಯಿಸಬೇಕು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿ ಮುಂದೆ ಈ ಚಿತ್ರವನ್ನೇ ಬದಲಿಸಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ನಿಮ್ಮ ಮನೆಯ ಮೊಬೈಲ್ ಫೋನಿನಲ್ಲಿರುವುದೂ ಇದೇ ಬಗೆಯ ಬ್ಯಾಟರಿ.

ಪೆಟ್ರೋಲಿನ ಬಲ, ಮೋಟಾರಿನ ಜಾಣತನ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಅಡಗಿದೆ. ಯೂನಿಟ್ ಎಂದರೆ ನಿಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಅದೇ ಯೂನಿಟ್, ಅಂದರೆ ಒಂದು ಕಿಲೋವಾಟ್-ಗಂಟೆ. ಆ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಮಾತ್ರ. ಅಷ್ಟೇ ಶಕ್ತಿಯನ್ನು ಲಿಥಿಯಂ ಬ್ಯಾಟರಿಯಲ್ಲಿ ತುಂಬಬೇಕಾದರೆ 60–70 ಕಿಲೋ ತೂಕದ ಬ್ಯಾಟರಿ ಬೇಕು. ಈ ವಿಷಯದಲ್ಲಿ ಪೆಟ್ರೋಲಿಗೆ ಸಾಟಿಯಿಲ್ಲ.

ಆದರೆ ಪೆಟ್ರೋಲ್ ಎಂಜಿನ್ನು ಆ 9 ಯೂನಿಟ್ಟಿನಲ್ಲಿ ಎರಡು ಎರಡೂವರೆ ಯೂನಿಟ್ಟನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ. ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಓಡಿ ಬಂದ ಕಾರಿನ ಬಾನೆಟ್ ಮುಟ್ಟಿದರೆ ಆ ನಷ್ಟ ಕೈಗೇ ತಿಳಿಯುತ್ತದೆ. ವಿದ್ಯುತ್ ಮೋಟಾರಾದರೋ ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ಚಲನೆಯಾಗಿ ಮಾರ್ಪಡಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನಂತೆ ಸುಮ್ಮನೆ ಉರಿಯುತ್ತಿರುವುದೂ ಇಲ್ಲ. ಪೇಟೆಯ ನಿಂತು ನಿಂತು ಹೋಗುವ ಓಡಾಟದಲ್ಲಿ ವಿದ್ಯುತ್ ಕಾರು ಅಗ್ಗವಾಗುವುದು ಈ ಕಾರಣದಿಂದ.

ಖರ್ಚಿನ ಲೆಕ್ಕ

ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಕಾರು ಪೇಟೆಯಲ್ಲಿ ಲೀಟರಿಗೆ 15 ಕಿ.ಮೀ. ಓಡುತ್ತದೆ ಎಂದು ಇಟ್ಟುಕೊಳ್ಳೋಣ. ಕಿಲೋಮೀಟರಿಗೆ ಸುಮಾರು 6 ರೂಪಾಯಿ 65 ಪೈಸೆ ಆಯಿತು. ವಿದ್ಯುತ್ ಕಾರು, ಚಾರ್ಜು ಮಾಡುವಾಗ ಆಗುವ ನಷ್ಟವೂ ಸೇರಿ, ಯೂನಿಟ್ಟಿಗೆ 6 ಕಿ.ಮೀ. ಓಡುತ್ತದೆ, ಮನೆಯಲ್ಲಿ ಯೂನಿಟ್ಟಿಗೆ 8 ರೂಪಾಯಿ ಎನ್ನೋಣ. ಕಿಲೋಮೀಟರಿಗೆ 1 ರೂಪಾಯಿ 35 ಪೈಸೆಗಿಂತ ಹೆಚ್ಚಾಗದು. ಉಳಿತಾಯ ಕಿಲೋಮೀಟರಿಗೆ 5 ರೂಪಾಯಿಯಷ್ಟು.

ಆದರೆ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿನ ಬೆಲೆ ಸಾಮಾನ್ಯವಾಗಿ ಹೆಚ್ಚು. ಕೇಂದ್ರ ಸರ್ಕಾರ 2019ರಲ್ಲಿ ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದ್ದರೂ ಬ್ಯಾಟರಿಯ ಬೆಲೆ ಕಾರಿನ ಬೆಲೆಯನ್ನು ಮೇಲಕ್ಕೆ ಎಳೆಯುತ್ತದೆ. ಈ ವ್ಯತ್ಯಾಸ 3 ಲಕ್ಷ ರೂಪಾಯಿ ಎಂದುಕೊಂಡರೆ, ಅದನ್ನು ಕಿಲೋಮೀಟರಿಗೆ 5 ರೂಪಾಯಿಯಂತೆ ಗಿಟ್ಟಿಸಲು 60,000 ಕಿ.ಮೀ. ಓಡಬೇಕು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ವರ್ಷಕ್ಕೆ 300 ದಿನ, ದಿನಕ್ಕೆ 40 ಕಿ.ಮೀ. ಓಡುವ ಮನೆಯವರಿಗೆ 5 ವರ್ಷದಲ್ಲಿ ಆ ಹಣ ಹಿಂದಿರುಗುತ್ತದೆ. ದಿನಕ್ಕೆ 10 ಕಿ.ಮೀ. ಮಾತ್ರ ಓಡುವವರಿಗೆ 20 ವರ್ಷ ಹಿಡಿಯುತ್ತದೆ! ಅಷ್ಟು ಕಾಲ ಕಾರೇ ಉಳಿಯುವುದು ಸಂದೇಹ. ಕಡಿಮೆ ಓಡಿಸುವವರಿಗೆ ವಿದ್ಯುತ್ ಕಾರು ಮಿತವ್ಯಯ ಎಂಬ ಮಾತು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಹೆಚ್ಚು ಓಡಿಸಿದಷ್ಟೂ ಅದರಿಂದ ಲಾಭ.

ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ವಿದ್ಯುತ್ ಕಾರು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. 30 ಯೂನಿಟ್ ಹಿಡಿಸುವ ಬ್ಯಾಟರಿಯನ್ನು ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಪೂರ್ತಿ ತುಂಬಲು ಸುಮಾರು 10 ಗಂಟೆ ಬೇಕು. ಸ್ವಂತ ಷೆಡ್ಡು ಅಥವಾ ಅಂಗಳ ಇದ್ದವರಿಗೆ ಇದು ಭಾರವಲ್ಲ. ರಾತ್ರಿ ಸಾಕೆಟ್ಟಿಗೆ ಜೋಡಿಸಿದರೆ ಬೆಳಿಗ್ಗೆ ಕಾರು ಸಿದ್ಧ. ಪೆಟ್ರೋಲ್ ಬಂಕಿನ ಸರತಿಯಲ್ಲಿ ನಿಲ್ಲುವ ಕೆಲಸವೇ ಇಲ್ಲ.

ಬೀದಿಯ ಬದಿಯಲ್ಲಿ ಕಾರು ನಿಲ್ಲಿಸುವವರ ಪಾಡು ಬೇರೆ. ಮೂರನೇ ಮಹಡಿಯಿಂದ ತಂತಿ ಇಳಿಬಿಡುವುದು ಅಪಾಯಕರ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜು ಮಾಡುವುದಂತೂ ಸಲ್ಲದು. ಗಂಟೆಗಟ್ಟಲೆ ಹರಿಯುವ ಹೆಚ್ಚಿನ ವಿದ್ಯುತ್ತಿಗೆ ಸಣ್ಣ ತಂತಿ ಕಾದು ಕರಗಬಹುದು. ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ಒಪ್ಪಿಗೆ, ಪ್ರತ್ಯೇಕ ಮೀಟರ್, ಮಂಜೂರಾದ ಲೋಡು ಇವೆಲ್ಲವನ್ನೂ ವಿಚಾರಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಬೇಕು. ಹಳ್ಳಿಯಲ್ಲಿ ನಿಲ್ಲಿಸಲು ಜಾಗವೇನೋ ಧಾರಾಳ. ಆದರೆ ವೋಲ್ಟೇಜ್ ಇಳಿಯುವುದು, ಕರೆಂಟು ಹೋಗುವುದು ಉಂಟು. ಎಲ್ಲೇ ಆಗಲಿ, ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಿಕೊಳ್ಳಬೇಕು.

ಮನೆಯಲ್ಲಿ ಸೌಕರ್ಯವಿಲ್ಲದವರಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿವೆ. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ನೀತಿಯೊಂದನ್ನು ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. ಕೇಂದ್ರಗಳನ್ನು ಸ್ಥಾಪಿಸುವ ಹೊಣೆ ಬೆಸ್ಕಾಂ ಮೇಲೆ ಬಂತು. ಖಾಸಗಿಯವರೂ ಕೇಂದ್ರಗಳನ್ನು ತೆರೆದರು. ಆದರೆ ಅಲ್ಲಿನ ವೇಗದ ಚಾರ್ಜಿಗೆ ಯೂನಿಟ್ಟಿಗೆ 20 ರೂಪಾಯಿ ಕೊಡಬೇಕಾಗಿ ಬಂದರೆ, ಕಿಲೋಮೀಟರಿನ ಖರ್ಚು 3 ರೂಪಾಯಿ ದಾಟುತ್ತದೆ. ಆಗ ಮೇಲಿನ ಲೆಕ್ಕದ 5 ವರ್ಷ ಏಳೂವರೆ ವರ್ಷವಾಗುತ್ತದೆ.

ದೂರದ ಪ್ರಯಾಣ, ಘಟ್ಟದ ದಾರಿ

ಕಂಪನಿಯವರು ಹೇಳುವ ದೂರ ಪ್ರಯೋಗಶಾಲೆಯ ಪರೀಕ್ಷೆಯದು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯೂನಿಟ್ಟಿನದು, ಪ್ರಮಾಣಪತ್ರದ ದೂರ 312 ಕಿ.ಮೀ. ನಿಜವಾದ ರಸ್ತೆಯಲ್ಲಿ ಇಂಥ ಬ್ಯಾಟರಿಯಿಂದ 200 ಕಿ.ಮೀ. ಆಸುಪಾಸು ಎಂದು ಎಣಿಸುವುದೇ ಕ್ಷೇಮ. ಎ.ಸಿ., ವೇಗ, ತುಂಬಿದ ಕಾರು, ಕಲಬುರಗಿ ರಾಯಚೂರುಗಳ ಬೇಸಿಗೆ, ಎಲ್ಲವೂ ಅದನ್ನು ತಗ್ಗಿಸುತ್ತವೆ. ಆ ಬಳಿಕ ದೊಡ್ಡ ಬ್ಯಾಟರಿಯ ಕಾರುಗಳೂ ಬಂದಿವೆ; ಬ್ಯಾಟರಿ ಬೆಳೆದಂತೆ ಬೆಲೆಯೂ ಬೆಳೆಯುತ್ತದೆ.

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ದಾರಿ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. 1,500 ಕಿಲೋ ತೂಕದ ಕಾರು ಅಷ್ಟು ಮೇಲೇರಲು ಎಷ್ಟು ಶಕ್ತಿ ಬೇಕು? ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಮೂರನ್ನೂ ಗುಣಿಸಿ: 1,500 × 9.8 × 900, ಅಂದರೆ ಸುಮಾರು 1 ಕೋಟಿ 32 ಲಕ್ಷ ಜೂಲ್. ಒಂದು ಯೂನಿಟ್ಟಿಗೆ 36 ಲಕ್ಷ ಜೂಲ್. ಆದುದರಿಂದ ಏರುವುದಕ್ಕೆಂದೇ ಸುಮಾರು 3.7 ಯೂನಿಟ್ ಹೆಚ್ಚಿಗೆ ಬೇಕು. ಸಮತಟ್ಟಾದ ರಸ್ತೆಯಲ್ಲಿ 20 ಕಿ.ಮೀ.ಗೂ ಹೆಚ್ಚು ಓಡುವಷ್ಟು ಶಕ್ತಿ ಇದು.

ಬೆಂಗಳೂರಿನಿಂದ ಮಂಗಳೂರಿಗೆ ಇಳಿಯುವಾಗ ಇದರಲ್ಲೊಂದು ಪಾಲು ವಾಪಸ್ ಸಿಗುತ್ತದೆ. ಇಳಿಜಾರಿನಲ್ಲಿ ಚಕ್ರವೇ ಮೋಟಾರನ್ನು ತಿರುಗಿಸುತ್ತದೆ. ಮೋಟಾರು ಸೈಕಲ್ಲಿನ ಡೈನಮೋದಂತೆ ವಿದ್ಯುತ್ ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ಶಿರಾಡಿ ಘಾಟಿಯಲ್ಲಿ ಪೆಟ್ರೋಲ್ ಕಾರು ಬ್ರೇಕ್ ಬಿಸಿ ಮಾಡಿಕೊಂಡು ಇಳಿದರೆ, ವಿದ್ಯುತ್ ಕಾರು ಅಷ್ಟಿಷ್ಟು ಗಳಿಸಿಕೊಂಡು ಇಳಿಯುತ್ತದೆ. ಆದರೂ ಬ್ಯಾಟರಿ ಚಿಕ್ಕದಾಗಿದ್ದರೆ ದಾರಿಯಲ್ಲಿ ಒಮ್ಮೆಯಾದರೂ ಮುಕ್ಕಾಲು, ಒಂದು ಗಂಟೆ ನಿಲ್ಲಲೇಬೇಕು. ಹಬ್ಬದ ರಜೆಯಲ್ಲಿ ಕೇಂದ್ರದ ಮುಂದೆ ಬೇರೆ ಕಾರುಗಳಿದ್ದರೆ ಇನ್ನಷ್ಟು ಹೊತ್ತು. ಪದೇ ಪದೇ ದೂರದ ಊರಿಗೆ ಹೋಗುವವರು ಇದನ್ನು ಯೋಚಿಸಬೇಕು.

ರಿಪೇರಿ, ಬಾಳಿಕೆ, ಸುರಕ್ಷತೆ

ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಬ್ರೇಕ್ ಪ್ಯಾಡುಗಳೂ ನಿಧಾನವಾಗಿ ಸವೆಯುತ್ತವೆ. ಹೀಗಾಗಿ ಸರ್ವೀಸ್ ಖರ್ಚು ಕಡಿಮೆ. ಆದರೆ ಭಾರ ಹೆಚ್ಚಾದ್ದರಿಂದ ಟೈರು ಬೇಗ ಸವೆಯಬಹುದು. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ಖಾತರಿ ಕೊಡುತ್ತಾರೆ. ಅನಂತರ ಅದು ಒಮ್ಮೆಲೇ ಕೆಡುವುದಿಲ್ಲ. ಹಿಡಿಸುವ ಶಕ್ತಿ ಮೆಲ್ಲಮೆಲ್ಲನೆ ಕುಗ್ಗುತ್ತದೆ. ಬದಲಾಯಿಸುವ ಪ್ರಸಂಗ ಬಂದರೆ ಮಾತ್ರ ಖರ್ಚು ಲಕ್ಷಗಳಲ್ಲಿ. ಹಳೆಯ ವಿದ್ಯುತ್ ಕಾರು ಕೊಳ್ಳುವವರು ಬ್ಯಾಟರಿಯ ಸ್ಥಿತಿಯನ್ನೇ ಮೊದಲು ಪರೀಕ್ಷಿಸಬೇಕು.

ಇನ್ನೊಂದು ಮಾತು. ಕಾರಿನೊಳಗಿನ ವಿದ್ಯುತ್ತು ಸಾಮಾನ್ಯವಾಗಿ 300 ವೋಲ್ಟಿಗೂ ಮೇಲ್ಪಟ್ಟದ್ದು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕುತೂಹಲಕ್ಕೂ ಕೈ ಹಾಕಬೇಡಿ. ಬೀದಿ ಬದಿಯ ಗ್ಯಾರೇಜು ಇದನ್ನು ರಿಪೇರಿ ಮಾಡಲಾರದು, ತರಬೇತಾದವರೇ ಬೇಕು. ಅಂಥ ಸರ್ವೀಸ್ ಕೇಂದ್ರ ನಿಮ್ಮೂರಿಗೆ ಎಷ್ಟು ದೂರ ಎಂಬುದನ್ನು ಮುಂಚೆಯೇ ವಿಚಾರಿಸುವುದು ಒಳ್ಳೆಯದು. 2022ರಲ್ಲಿ ಕೆಲವು ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿ ನಿಮಗೆ ನೆನಪಿರಬಹುದು. ಆ ಬಳಿಕ ಸರ್ಕಾರ ವಾಹನಗಳ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿತು.

ಹೊಗೆ ನಿಜಕ್ಕೂ ಇಲ್ಲವೇ?

ನಮ್ಮ ಬೀದಿಯಲ್ಲಿ ಇಲ್ಲ. ಶಾಲೆಯ ಗೇಟಿನ ಮುಂದೆ ಮಕ್ಕಳು ಉಸಿರಾಡುವ ಗಾಳಿಗೆ ಇದು ದೊಡ್ಡ ಉಪಕಾರ. ಆದರೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, 15 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ ಸುಮಾರು 150 ಗ್ರಾಂ. ನಮ್ಮ ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನದು; ಸರಾಸರಿಯಲ್ಲಿ ಯೂನಿಟ್ಟಿಗೆ ಸುಮಾರು 700 ಗ್ರಾಂ. ಹಾಗೆ ನೋಡಿದರೆ ವಿದ್ಯುತ್ ಕಾರಿನ ಪಾಲು ಕಿಲೋಮೀಟರಿಗೆ 115–120 ಗ್ರಾಂ. ಬ್ಯಾಟರಿ ತಯಾರಿಸುವಾಗಿನ ಮಾಲಿನ್ಯ ಇದಕ್ಕೆ ಸೇರಿಲ್ಲ. ಲಾಭ ಉಂಟು, ಆದರೆ ಜಾಹೀರಾತು ಹೇಳುವಷ್ಟಿಲ್ಲ.

ಕರ್ನಾಟಕದಲ್ಲಿ ಶರಾವತಿಯ ಜಲವಿದ್ಯುತ್ತು, ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ, ಬಯಲುಸೀಮೆಯ ಗಾಳಿಯಂತ್ರಗಳು ಇವೆ. ಶುದ್ಧ ವಿದ್ಯುತ್ತಿನ ಪಾಲು ಹೆಚ್ಚಿದಷ್ಟೂ ಅದೇ ಹಳೆಯ ಕಾರು ತಾನಾಗಿಯೇ ಶುದ್ಧವಾಗುತ್ತದೆ. ಪೆಟ್ರೋಲ್ ಕಾರಿಗೆ ಈ ಭಾಗ್ಯವಿಲ್ಲ. ಪಾವಗಡದ ಬಿಸಿಲು ರಾತ್ರಿ ಇರುವುದಿಲ್ಲವಷ್ಟೆ. ಕಚೇರಿ, ಕಾಲೇಜುಗಳಲ್ಲಿ ಹಗಲು ಚಾರ್ಜು ಮಾಡುವ ಅನುಕೂಲ ಬೆಳೆಯಬೇಕಾದ್ದು ಈ ಕಾರಣಕ್ಕೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಮರುಬಳಕೆಗೆ ಒಪ್ಪಿಸುವುದೂ ಅಷ್ಟೇ ಮುಖ್ಯ.

ನಿಮಗೊಂದು ಕೆಲಸ

ವಿದ್ಯುತ್ ಕಾರು ಒಳ್ಳೆಯದೇ ಕೆಟ್ಟದ್ದೇ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಯಾರ ಮನೆಗೆ ಎಂದು ಕೇಳಬೇಕು. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ನಾಲ್ಕು ಸಂಗತಿ ಕೇಳಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಕಿಲೋಮೀಟರ್ ಓಡಾಟ, ರಾತ್ರಿ ವಾಹನ ಎಲ್ಲಿ ನಿಲ್ಲುತ್ತದೆ, ಯೂನಿಟ್ಟಿನ ದರ ಎಷ್ಟು, ವರ್ಷಕ್ಕೆ ಎಷ್ಟು ಬಾರಿ ದೂರದ ಪ್ರಯಾಣ. ನಿಮ್ಮೂರಿನ ಪೆಟ್ರೋಲ್ ದರ, ಎರಡು ಕಾರುಗಳ ಬೆಲೆ ಸೇರಿಸಿ ಮೇಲಿನಂತೆ ಲೆಕ್ಕ ಮಾಡಿ. ಇನ್ನೊಂದು ಸಾಲನ್ನೂ ಸೇರಿಸಿ: ಅದೇ ದೂರವನ್ನು ಬಸ್ಸಿನಲ್ಲೋ ರೈಲಿನಲ್ಲೋ ಹೋದರೆ ಎಷ್ಟು? ಉತ್ತರ ಬಂದ ಮೇಲೆ ಮನೆಯ ಹಿರಿಯರೊಡನೆ ಚರ್ಚಿಸಿ. ಲಕ್ಷಾಂತರ ರೂಪಾಯಿಯ ತೀರ್ಮಾನದಲ್ಲಿ ನಿಮ್ಮ ನೋಟ್ ಪುಸ್ತಕದ ಆ ಒಂದು ಪುಟಕ್ಕೂ ಬೆಲೆಯಿದೆ.